ಮೀನಂಗಡಿಯ ಗಾಜಿನ ಹಿಂದೆ ಒಂದು ಬಲೆ

"ಚುಕ್ಕೆ ಎಲ್ಲಿ, ಎಲ್ಸಿಮೇ?"

ಮಿಸ್ ಪೆಟ್ರಿ ಅವಳು ಬಣ್ಣ ಹಚ್ಚುತ್ತಿದ್ದ ಮರದ ಹಲಗೆಯ ಮೇಲೆ ಬಗ್ಗಿ ನೋಡುತ್ತಿದ್ದರು. ಅವರಿಗೆ ಕೋಪವೇನೂ ಬಂದಿರಲಿಲ್ಲ. ಕೋಪ ಬಂದರೆ ಮಿಸ್ ಕಿವಿಯೋಲೆ ಮುಟ್ಟಿಕೊಳ್ಳುತ್ತಾರೆ ಎಂದು ಎಲ್ಸಿಮೇಗೆ ಗೊತ್ತಿತ್ತು. ಈಗ ಅವರ ಕೈಗಳು ಬೆನ್ನ ಹಿಂದೆ ಇದ್ದವು.

"ಯಾವ ಚುಕ್ಕೆ, ಮಿಸ್?"

"ಬಲೆ ಚೆನ್ನಾಗಿದೆ. ನೀರೂ ಚೆನ್ನಾಗಿದೆ. ಆದ್ರೆ ಇದು ಮೂಲನಿವಾಸಿಗಳ ವಾರ ಅಲ್ವಾ? ಶಾಲೆ ಗೇಟ್ ಮೇಲೆ ಹಾಕಿದಾಗ ನೋಡಿದ ತಕ್ಷಣ ಜನಕ್ಕೆ ಗೊತ್ತಾಗ್ಬೇಕು, ಇದು ನಿಮ್ಮ ಜನರ ಚಿತ್ರ ಅಂತ." ಮಿಸ್ ಟ್ಯಾಬ್ ತಿರುಗಿಸಿ ತೋರಿಸಿದರು. ಅದರ ತುಂಬ ಕೆಂಪು, ಹಳದಿ, ಬಿಳಿ ಚುಕ್ಕೆಗಳು. "ಹೀಗೆ."

ಪಕ್ಕದ ಬೆಂಚಿನಿಂದ ಬ್ರೈಸ್ ತನ್ನ ಹಲಗೆ ಎತ್ತಿ ಹಿಡಿದ. "ನೋಡೇ, ನನ್ನ ಕಾಂಗರೂಗೆ ಮೈತುಂಬ ಚುಕ್ಕೆ! ನಿಮ್ಮ ವಿಷ್ಯ ನಿಂಗಿಂತ ನಂಗೇ ಜಾಸ್ತಿ ಗೊತ್ತು."

"ಅದಕ್ಕೆ ಚಿಕನ್‌ಪಾಕ್ಸ್ ಬಂದಿದೆ ಕಣೋ. ಡಾಕ್ಟ್ರಿಗೆ ತೋರ್ಸು."

ಕ್ಲಾಸೆಲ್ಲ ನಕ್ಕಿತು. ಮಿಸ್ ಕೂಡ ತುಟಿ ಕಚ್ಚಿಕೊಂಡರು. ಆಮೇಲೆ ದನಿ ತಗ್ಗಿಸಿ, "ಚುಕ್ಕೆ ಇಟ್ಟರೆ ನಿನ್ನ ಹಲಗೆನೇ ಗೇಟಿನ ಮಧ್ಯಕ್ಕೆ," ಎಂದರು.

ಮಧ್ಯಕ್ಕೆ!

ಎಲ್ಸಿಮೇಯ ಅಮ್ಮ ಊರಿನ ಸಿಟಿ ಬಸ್ ಓಡಿಸುತ್ತಿದ್ದಳು. ಶಾಲೆಯ ಗೇಟಿನ ಮುಂದೆಯೇ ಅವಳ ದಾರಿ. "ಮಧ್ಯದಲ್ಲಿ ಹಾಕ್ಸ್ಕೋ ಪುಟ್ಟಿ," ಎಂದು ಬೆಳಿಗ್ಗೆ ಹೇಳಿದ್ದಳು. "ಮೂಲೆಲಿದ್ರೆ ನಾನು ಕತ್ತು ಹೊರಳಿಸ್ಬೇಕು. ಬಸ್ ಹೋಗಿ ಕಬ್ಬಿನ ಗದ್ದೆಗೆ ಬೀಳತ್ತೆ."

ಎಲ್ಸಿಮೇ ಬ್ರಷ್ಷಿನ ಹಿಂತುದಿಯನ್ನು ಬಿಳಿ ಬಣ್ಣದಲ್ಲಿ ಅದ್ದಿದಳು. ಬಲೆಯ ಒಂದೊಂದು ಕಣ್ಣಿನೊಳಗೂ ಒಂದೊಂದು ಚುಕ್ಕೆ ಇಟ್ಟಳು.

ಬೆಲ್ ಹೊಡೆದಾಗ ಮಿಸ್ ಚಪ್ಪಾಳೆ ತಟ್ಟಿದರು. "ಮನೆಗೆ ತಗೊಂಡು ಹೋಗಿ ತೋರ್ಸಿ, ನಾಳೆ ವಾಪಸ್ ತಗೊಂಡ್ ಬಾ."

ಅವಳು ಮನೆಗೆ ಹೋಗಲಿಲ್ಲ. ಅವತ್ತು ಬುಧವಾರ. ಬುಧವಾರ ಎಂದರೆ ಮೀನಂಗಡಿ.

ಸಕ್ಕರೆ ಮಿಲ್ಲು ಶುರುವಾಗಿತ್ತು. ಎಲ್ಲೋ ಕಬ್ಬಿನ ಒಣಗರಿ ಸುಡುತ್ತಿದ್ದರು. ಕಪ್ಪು ಬೂದಿ ಎಳೆ ಎಳೆಯಾಗಿ ಬೀದಿಯ ಮೇಲೆಲ್ಲ ಇಳಿಯುತ್ತಿತ್ತು. ಎಲ್ಸಿಮೇ ಹಲಗೆಗೆ ತನ್ನ ಜಾಕೆಟ್ ಹೊದಿಸಿಕೊಂಡು ನಡೆದಳು.

ಮೀನಂಗಡಿಯಲ್ಲಿ ಈಗ ಮೀನು ಸಿಗುವುದಿಲ್ಲ. ಅವಳು ಹುಟ್ಟುವ ಮೊದಲೇ ಅಂಗಡಿ ಮುಚ್ಚಿತ್ತು. ಮುಂದಿನ ದೊಡ್ಡ ಗಾಜಿನ ಮೇಲೆ ಯಾರೋ ಬರೆದಿದ್ದ ನೀಲಿ ಮೀನೊಂದು ಮಾತ್ರ ಅರ್ಧ ಮಾಸಿ ಉಳಿದಿತ್ತು. ಆಮೇಲೆ ಕಡಲ ಕಡೆಯ ಮೂಲನಿವಾಸಿಗಳು, ದ್ವೀಪಗಳಿಂದ ಬಂದ ಕಪ್ಪು ಜನರ ಮಕ್ಕಳು ಮೊಮ್ಮಕ್ಕಳು, ಒಟ್ಟಿಗೆ ಸೇರಿ ಅದನ್ನು ಬಾಡಿಗೆಗೆ ಹಿಡಿದರು. ಚಿತ್ರ ಬರೆಯುವವರು, ಬುಟ್ಟಿ ಹೆಣೆಯುವವರು, ಮರ ಕೆತ್ತುವವರು ಎಲ್ಲರೂ ಬುಧವಾರ ಅಲ್ಲಿ ಸೇರುತ್ತಾರೆ. ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರು ಹಿಟ್ಟು ತಂದರೆ ಇನ್ನೊಬ್ಬರು ಟೀಪುಡಿ ತರುತ್ತಾರೆ. ಏನೂ ಇಲ್ಲದವರು ಊರಿನ ಸುದ್ದಿ ತರುತ್ತಾರೆ.

"ಬಕೆಟ್ ಎಡವ್ಬೇಡ!" ಮರ ಕೆತ್ತುವ ಎಫ್ರೇಮ್ ಅಂಕಲ್ ಬಾಗಿಲಲ್ಲೇ ಕೂಗಿದರು. ಸೂರು ಸೋರುವ ಜಾಗದಲ್ಲಿ ಒಂದು ಬಕೆಟ್ ಸದಾ ಇರುತ್ತಿತ್ತು. ಬೀಚ್ ಹೋಟೆಲಿನವನೊಬ್ಬ ಹೊಸ ಸೂರು ಹಾಕಿಸಿಕೊಡುತ್ತೇನೆ ಎಂದು ಬಂದಿದ್ದನಂತೆ. ಬದಲಿಗೆ ಟೂರಿಸ್ಟುಗಳಿಗೆ ಮಾರಲು ಅವನು ಹೇಳಿದ ಹಾಗೇ ಬೂಮರಾಂಗ್‌ಗಳಿಗೆ ಬಣ್ಣ ಹಚ್ಚಿಕೊಡಬೇಕಿತ್ತಂತೆ. ಎಲ್ಲರೂ ಸೇರಿ ಅವನಿಗೆ ಟೀ ಕುಡಿಸಿ ಕಳಿಸಿದ್ದರು. ಬಕೆಟ್ ಉಳಿಯಿತು.

"ಏನೇ ಅದು ಕಂಕುಳಲ್ಲಿ?" ವರ್ನಾ ಅಜ್ಜಿ ಕೇಳಿದರು. ಅವರು ಎಲ್ಸಿಮೇಯ ಅಜ್ಜಿಯ ತಂಗಿ. ಊರಿಗೆಲ್ಲ ವರ್ನಾ ಆಂಟಿ.

"ಗೇಟಿಗೆ! ಮಧ್ಯಕ್ಕೆ!"

"ಹಾಗಿದ್ರೆ ಕಲ್ಲಿನ ಮೇಲಿಡು."

ಎಲ್ಸಿಮೇ ಹಲಗೆಯ ಮೇಲಿನ ಜಾಕೆಟ್ ತೆಗೆದಳು. ಹಿಂದೆ ಮೀನು ಕೊಯ್ಯುತ್ತಿದ್ದ ಬಿಳಿ ಕಲ್ಲು ಅದು. ಯಾರೇ ಹೊಸದಾಗಿ ಏನೇ ಮಾಡಿದರೂ ಮೊದಲು ಅದರ ಮೇಲಿಡಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಯಾರೂ ಹೇಳುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಉತ್ತರ ಸಿಗುವ ತನಕ ಯಾರೂ ಟೀ ಮುಟ್ಟುವುದಿಲ್ಲ.

ಅವಳು ಹಲಗೆ ಇಟ್ಟಳು. ಎಲ್ಲರೂ ಸುತ್ತ ನಿಂತರು.

"ಬಲೆ ಯಾರು ಕೊಟ್ರು?" ಎಂದರು ವರ್ನಾ ಅಜ್ಜಿ.

ಇದು ಸುಲಭ. "ಮುತ್ತಜ್ಜಿ ನಿಮಗೆ ಕೊಟ್ರು. ನೀವು ನಂಗೆ ಕೊಟ್ರಿ. ಎರಡು ಬೆರಳು ಅಗಲ, ಒಂದು ಗಂಟು. ಸಣ್ಣ ಮೀನು ತಪ್ಪಿಸ್ಕೊಂಡು ಹೋಗ್ಲಿ ಅಂತ."

"ಹ್ಞೂಂ. ಚುಕ್ಕೆ ಯಾರು ಕೊಟ್ರು?"

ಎಲ್ಸಿಮೇ ಬಾಯಿ ತೆರೆದಳು. "...ಮಿಸ್."

ಎಫ್ರೇಮ್ ಅಂಕಲ್ ಗಂಟಲು ಸರಿಮಾಡಿಕೊಂಡು, "ಚುಕ್ಕೆ ಇಡೋದು ಮರುಭೂಮಿಯೋರು. ಮಿಸ್ ಯಾವ ಮರುಭೂಮಿಯೋರಂತೆ?" ಎಂದರು.

ಅಂಗಡಿ ತುಂಬ ನಗು. ಎಲ್ಸಿಮೇಗೆ ಮಾತ್ರ ಕಿವಿ ಬಿಸಿಯಾಯಿತು. ಅವಳು ಹಲಗೆಯನ್ನು ಎರಡೂ ಕೈಯಿಂದ ಎಳೆದುಕೊಂಡಳು.

"ನಗ್ಬೇಡಿ! ಚುಕ್ಕೆ ಇಲ್ದಿದ್ರೆ ನಮ್ಮದು ಅಂತ ಯಾರಿಗೂ ಗೊತ್ತಾಗಲ್ವಂತೆ!"

ನಗು ನಿಂತಿತು. ವರ್ನಾ ಅಜ್ಜಿ ಅವಳ ಪಕ್ಕ ಕೂತರು.

"ಹೋದ ವರ್ಷ ಮರುಭೂಮಿ ಕಡೆಯಿಂದ ಒಬ್ಬ ಅಜ್ಜಿ ಬಂದಿದ್ರಲ್ಲ, ಇದೇ ಕುರ್ಚಿ ಮೇಲೆ ಕೂತು ಚುಕ್ಕೆ ಇಡ್ತಿದ್ರು. ನೆನಪಿದ್ಯಾ?"

ಎಲ್ಸಿಮೇಗೆ ನೆನಪಿತ್ತು. ಆ ಅಜ್ಜಿ ಏನೋ ಗುನುಗುತ್ತ ಗುನುಗುತ್ತ ಒಂದೊಂದೇ ಚುಕ್ಕೆ ಇಡುತ್ತಿದ್ದರು. "ಒಂದು ನಾನಿಡ್ಲಾ ಅಂತ ಕೇಳ್ದೆ. ಬ್ರಷ್ ಕೊಡ್ಲೇ ಇಲ್ಲ. ಬಿಸ್ಕತ್ ಕೊಟ್ರು."

"ಬ್ರಷ್ ಯಾಕೆ ಕೊಡ್ಲಿಲ್ಲ?"

ಎಫ್ರೇಮ್ ಅಂಕಲ್ ತಾವು ಕೆತ್ತುತ್ತಿದ್ದ ಮರದ ತುಂಡನ್ನು ಅವಳ ಮುಂದೆ ತಳ್ಳಿದರು. ಅದರ ಸುತ್ತ ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ ಓಡುವ ಒಂದು ಗೆರೆ. ಅವರು ಕೆತ್ತಿದ್ದೆಲ್ಲದರ ಮೇಲೂ ಅದೇ ಗೆರೆ.

"ನಮ್ಮ ಮುತ್ತಾತನ್ನ ದ್ವೀಪದಿಂದ ಹಡಗಲ್ಲಿ ತುಂಬ್ಕೊಂಡು ಬಂದ್ರು, ಇಲ್ಲಿ ಕಬ್ಬು ಕಡಿಯಕ್ಕೆ. ಹೆಸರೂ ಕಿತ್ಕೊಂಡ್ರು. ಅವನ ಹತ್ರ ಉಳಿದಿದ್ದು ಒಂದು ಚಾಪೆ. ಅದರ ಅಂಚಲ್ಲಿ ಈ ಗೆರೆ ಇತ್ತು. ನಂಗೆ ಬಂದಿರೋದು ಇದೊಂದೇ ಕಣೇ. ಹುಡುಗ ಆಗಿದ್ದಾಗಿಂದ ಇದನ್ನೇ ಕೆತ್ತುತಾ ಇದೀನಿ."

"ಬೇಜಾರಾಗಲ್ವಾ ಅಂಕಲ್?"

"ಚಾಪೆ ಅಂಚು ಎಷ್ಟು ಉದ್ದ ಅಂದ್ಕೊಂಡಿದೀಯ? ಇನ್ನೂ ಅರ್ಧ ದಾರಿಲಿದೀನಿ."

ಎಲ್ಸಿಮೇ ತನ್ನ ಹಲಗೆ ನೋಡಿದಳು. ಬಲೆಯ ಕಣ್ಣುಗಳನ್ನೆಲ್ಲ ಬಿಳಿ ಚುಕ್ಕೆಗಳು ಮುಚ್ಚಿಕೊಂಡು ಕೂತಿದ್ದವು. ಒಂದು ಸಣ್ಣ ಮೀನೂ ಅದರಲ್ಲಿ ನುಸುಳುವ ಹಾಗಿರಲಿಲ್ಲ.

"ತೆಗೀಲಾ ಅಜ್ಜಿ?"

"ನಿನ್ನ ಹಲಗೆ, ನಿನ್ನ ಗೇಟು," ಎಂದರು ವರ್ನಾ ಅಜ್ಜಿ. "ನನ್ನ ಕೇಳ್ಬೇಡ."

ಗೇಟಿನ ಮಧ್ಯ ಎಂದರೆ ಅಮ್ಮನಿಗೆ ಸ್ಟೀರಿಂಗಿನಿಂದಲೇ ಕಾಣುವ ಜಾಗ. ಎಲ್ಸಿಮೇ ಬೆರಳಿನಿಂದ ಒಂದು ಚುಕ್ಕೆ ಉಜ್ಜಿದಳು. ಬಣ್ಣ ಗಟ್ಟಿಯಾಗಿ ಒಣಗಿತ್ತು, ಅಲುಗಲಿಲ್ಲ. ಅವಳು ಎದ್ದು ಕಲ್ಲಿನ ಕೆಳಗಿನ ಡ್ರಾಯರ್ ಎಳೆದಳು. ಅದರಲ್ಲಿ ಹಳೆಯ ಅಂಗಡಿಯವರು ಬಿಟ್ಟುಹೋದ, ಮೀನಿನ ಹುರುಪೆ ಕೆರೆಯುವ ಹಲ್ಲುಹಲ್ಲಿನ ತಗಡು ಇತ್ತು.

ಕರ್ರ್, ಕರ್ರ್.

ಬಿಳಿ ಚುಕ್ಕೆಗಳು ಒಂದೊಂದಾಗಿ ಎದ್ದು ಕಲ್ಲಿನ ಮೇಲೆ ಉದುರಿದವು, ಥೇಟ್ ಹುರುಪೆಯ ಹಾಗೆ. ಅವುಗಳ ಜೊತೆ ನೀರಿನ ನೀಲಿಯೂ ಎದ್ದು ಬಂತು. ಕೆಳಗಿನ ಬೋಳು ಮರ ಕಾಣಿಸಿತು.

ಯಾರೂ ಶಹಭಾಸ್ ಎನ್ನಲಿಲ್ಲ. ವರ್ನಾ ಅಜ್ಜಿ ಟೀ ಬಗ್ಗಿಸಿದರು.

ಮಾರನೆಯ ದಿನ ಮಿಸ್ ಪೆಟ್ರಿಯ ಕೈ ಸೀದಾ ಕಿವಿಯೋಲೆಗೆ ಹೋಯಿತು.

"ಎಲ್ಸಿಮೇ! ಎಷ್ಟು ಚೆನ್ನಾಗಿತ್ತು! ಹಾಳ್ಮಾಡ್ಬಿಟ್ಯಲ್ಲ!"

"ಹಾಳ್ಮಾಡಿಲ್ಲ ಮಿಸ್. ನಂದಲ್ದೇ ಇರೋದನ್ನ ತೆಗ್ದೆ." ನಿನ್ನೆ ರಾತ್ರಿ ಹಾಸಿಗೆಯಲ್ಲಿ ಇದನ್ನೇ ಎಷ್ಟೋ ಸಲ ಹೇಳಿಕೊಂಡಿದ್ದಳು. "ಚುಕ್ಕೆ ಮರುಭೂಮಿಯೋರದ್ದು. ನಾವು ಉಪ್ಪುನೀರಿನೋರು, ಕಡಲ ಕಡೆಯೋರು. ನಾನು ಅವರನ್ನ ಕೇಳಿರ್ಲಿಲ್ಲ."

"ಇದು ಬರೀ ಒಂದು ಚಿತ್ರ ಕಣಮ್ಮ. ಯಾರೂ ಬೇಜಾರ್ ಮಾಡ್ಕೊಳಲ್ಲ."

"ನೀವು ಅವರನ್ನ ಕೇಳಿದ್ರಾ, ಮಿಸ್?"

ಮಿಸ್ ಬಿಳಿ ಬಣ್ಣದ ಬಾಟಲಿ ತಂದು ಅವಳ ಮುಂದಿಟ್ಟರು.

"ನೋಡು, ಹೀಗೆ ಗಾಯ ಗಾಯ ಆಗಿರೋ ಹಲಗೆನ ಗೇಟಿಗೆ ಹಾಕಕ್ಕಾಗಲ್ಲ. ಗಾಯದ ಮೇಲೆ ಒಂದೊಂದು ಚುಕ್ಕೆ ಇಡು, ಸಾಕು. ಮಧ್ಯದ ಜಾಗ ಇನ್ನೂ ಖಾಲಿ ಇದೆ."

ಬಾಟಲಿಯ ಮುಚ್ಚಳ ತೆರೆದಿತ್ತು. ಎಲ್ಸಿಮೇ ಮುಚ್ಚಳ ತಿರುಗಿಸಿ ಗಟ್ಟಿಯಾಗಿ ಮುಚ್ಚಿದಳು. ಬಾಟಲಿಯನ್ನು ಮಿಸ್ ಕಡೆಗೆ ಸರಿಸಿದಳು.

"ಬೇಡ ಮಿಸ್."

"ಹಾಗಿದ್ರೆ ಗೇಟಿಗಿಲ್ಲ, ಎಲ್ಸಿಮೇ."

"ಆಯ್ತು."

ಮಧ್ಯದ ಜಾಗಕ್ಕೆ ಬ್ರೈಸ್‌ನ ಕಾಂಗರೂ ಹೋಯಿತು. ಎಲ್ಸಿಮೇ ಹಲಗೆ ಹಿಡಿದು ಮೀನಂಗಡಿಯ ತನಕ ಅಳದೆ ನಡೆದಳು. ಬುಧವಾರವಲ್ಲದಿದ್ದರೂ ವರ್ನಾ ಅಜ್ಜಿ ಬುಟ್ಟಿ ಹೆಣೆಯುತ್ತ ಒಳಗೇ ಇದ್ದರು. ಬಕೆಟ್ ಹತ್ತಿರ ಬಂದಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ.

"ಹಾಕಲ್ವಂತೆ ಅಜ್ಜಿ."

ವರ್ನಾ ಅಜ್ಜಿ ಅವಳ ಮೂಗು ಒರೆಸಿದರು. ಕಿಟಕಿಯಲ್ಲಿದ್ದ ಬುಟ್ಟಿಗಳನ್ನೆಲ್ಲ ಎತ್ತಿ ಪಕ್ಕಕ್ಕಿಟ್ಟರು. ಹಲಗೆಯನ್ನು ಗಾಜಿಗೆ ಆನಿಸಿ, ಮುಖ ಬೀದಿಗೆ ಮಾಡಿ ನಿಲ್ಲಿಸಿದರು. ಒಳಗಿನಿಂದ ನೋಡಿದರೆ ಎಲ್ಸಿಮೇಗೆ ಕಂಡಿದ್ದು ಹಲಗೆಯ ಬೆನ್ನು ಮಾತ್ರ.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಅವಳು ಅಮ್ಮನ ಬಸ್ ಹತ್ತಿದಳು. ಅಮ್ಮ ಗೇಟಿನ ಕಡೆ ನೋಡಿದಳು. ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಹುಡುಕಿದಳು.

"ಎಲ್ಲೇ ನಿಂದು?"

"ಅಲ್ಲಿಲ್ಲ ಅಮ್ಮ. ಮುಂದೆ ಹೋಗು."

ಅಮ್ಮ ಕನ್ನಡಿಯಲ್ಲಿ ಅವಳ ಮುಖ ನೋಡಿದಳು. ಬಸ್ ಹೊರಟಿತು. ಮಿಲ್ಲಿನ ರಸ್ತೆ ದಾಟಿ ತಿರುವಿನಲ್ಲಿ ಮೀನಂಗಡಿ ಬರುತ್ತಿದ್ದ ಹಾಗೆ ಎಲ್ಸಿಮೇ ಎದ್ದು ನಿಂತಳು.

ಇಳಿಬಿಸಿಲು ಗಾಜಿನ ಮೇಲೆ ಬಿದ್ದಿತ್ತು. ಗಾಜಿನ ಮೇಲಿನ ಹಳೆಯ ನೀಲಿ ಮೀನು ಅವಳ ಬಲೆಯ ಮುಂದೆ ಈಜುತ್ತಿತ್ತು. ಕೆರೆದ ಜಾಗದಲ್ಲೆಲ್ಲ ಬೋಳು ಮರ ಹೊನ್ನಿನ ಹುರುಪೆಯ ಹಾಗೆ ಹೊಳೆಯುತ್ತಿತ್ತು.

ಅಮ್ಮ ಬ್ರೇಕ್ ಒತ್ತಿದಳು. ಬಸ್ ಜಗ್ಗಿ ನಿಂತಿತು. ಬಾಗಿಲು ಉಸ್ಸೆಂದು ತೆರೆಯಿತು.

"ಇಲ್ಲೆಲ್ಲಿ ಸ್ಟಾಪು?" ಹಿಂದಿನಿಂದ ಯಾರೋ ಗೊಣಗಿದರು.

"ಇವತ್ತಿಂದ ಇದೆ," ಎಂದಳು ಅಮ್ಮ.

ಮುಂದಿನ ಸೀಟಿನಲ್ಲಿದ್ದ ಮುದುಕರೊಬ್ಬರು ಕನ್ನಡಕ ಏರಿಸಿ ಗಾಜಿನ ಕಡೆ ನೋಡಿದರು. ಮತ್ತೆ ಎಲ್ಸಿಮೇ ಕಡೆ ತಿರುಗಿದರು. "ನೀನು ಮಾಡಿದ್ದಾ ಆ ಬಲೆ?"

ಹೌದು ಎನ್ನಲು ಎಲ್ಸಿಮೇ ಬಾಯಿ ತೆರೆದಳು. ಹೌದು ಎಂದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು.

"ಯಾರು ಕೊಟ್ರು ಅಂತ ಕೇಳಿ," ಎಂದಳು.

"ಸರಿ. ಯಾರು ಕೊಟ್ರು?"

ಅವಳು ಎರಡು ಬೆರಳು ಜೋಡಿಸಿ ಎತ್ತಿ ತೋರಿಸಿದಳು. "ಮೊದಲು ಇಷ್ಟು ಅಗಲ ಬಿಡ್ಬೇಕು. ನಮ್ಮ ಮುತ್ತಜ್ಜಿ..."

ಅವಳು ಹೇಳಿ ಮುಗಿಸುವ ತನಕ ಅಮ್ಮ ಬಸ್ ಹೊರಡಿಸಲಿಲ್ಲ.