ಗ್ರಹಣದ ಸಂಜೆ ಅನೀಪಾಳ ಅಂಗಳದಲ್ಲಿ

ಬೆಟ್ಟದ ಹುಲ್ಲುಗಾವಲಿನಿಂದ ಇಳಿದವನೇ ಉಲಾರ್‌ಬೆಕ್ ತನ್ನ ಮನೆಗೂ ಹೋಗದೆ ನೇರ ಅನೀಪಾಳ ಅಂಗಳಕ್ಕೆ ಬಂದ.

ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅವಳು ತುಟಿ ಕಚ್ಚಿ ನಕ್ಕಳು. "ಕುರಿಗಳ ಜೊತೆ ಇದ್ದೂ ಇದ್ದೂ ನಿಂಗೂ ಉಣ್ಣೆ ಬಂದಿದೆ ಕಣೋ."

ಅವನು ನಗಲಿಲ್ಲ. "ನಾಳೆ ನಾರಿನ್ ನದಿಯಲ್ಲಿ ನಿಂಗೆ ದೀಕ್ಷಾಸ್ನಾನ ಅಂತೆ. ನಿಜಾನಾ?"

"ನಿಜ."

"ಊರು ಸುಮ್ನಿರಲ್ಲ, ಅನೀಪಾ."

"ಯಾವತ್ತು ಸುಮ್ನಿತ್ತು?"

ಹೋದ ಚಳಿಗಾಲ ಅವಳ ತಾಯಿ ತೀರಿಕೊಂಡಾಗ, ಯೇಸುವನ್ನು ನಂಬಿದವಳಿಗೆ ಇಲ್ಲಿ ಜಾಗವಿಲ್ಲ ಎಂದು ಊರವರು ಖಬರಸ್ತಾನದ ಗೇಟು ತೆಗೆದಿರಲಿಲ್ಲ. ಹಿತ್ತಲಲ್ಲೇ ಮಣ್ಣು ಮಾಡಬೇಕಾಯಿತು. ಹೆಪ್ಪುಗಟ್ಟಿದ ಆ ನೆಲವನ್ನು ಎಲ್ಲರ ಕಣ್ಣೆದುರೇ ಅಗೆದುಕೊಟ್ಟವನು ಉಲಾರ್‌ಬೆಕ್. ಪ್ರೀತಿಯ ಮಾತು ಮಾತ್ರ ಅವರಿಬ್ಬರೂ ಇನ್ನೂ ಆಡಿರಲಿಲ್ಲ.

ಬೆಟ್ಟದ ಹಿಂದಿನಿಂದ ಚಂದ್ರ ಎದ್ದ. ಒಂದು ಬದಿ ಆಗಲೇ ಕಪ್ಪಾಗಿತ್ತು. ನಾಯಿಗಳು ಊಳಿಟ್ಟವು. ಗ್ರಹಣ ಓಡಿಸಲು ಮನೆಮನೆಯಲ್ಲೂ ಹೆಂಗಸರು ಕಬ್ಬಿಣದ ಕಡಾಯಿ ಬಡಿಯತೊಡಗಿದರು.

"ಲೋಕ ಮುಗಿಯೋ ಗುರುತಾ ಇದು? ನಿಮ್ಮ ಪಾದ್ರಿ ಏನಂತಾರೆ?"

"ಅವರೂ ಹೆದರಿಸ್ತಾರೆ. ನಂಗೆ ಮಾತ್ರ..." ಅವಳು ತಲೆಯೆತ್ತಿದಳು. ಕಣ್ಣಲ್ಲಿ ಅರ್ಧ ಚಂದ್ರ. "ಆ ಅಂಚು ನೋಡು, ಎಷ್ಟು ದುಂಡಗಿದೆ! ನಾವು ನಿಂತಿರೋ ಭೂಮಿದೇ ನೆರಳು. ಅಷ್ಟು ದೊಡ್ಡ ಆಕಾಶದಲ್ಲಿ ನಾವು ಇಷ್ಟೇ ಇಷ್ಟು. ಇಂಥೋರಿಗೋಸ್ಕರ ದೇವರು ಇಳಿದು ಬಂದು ಸತ್ತ ಅಂದ್ರೆ ಮೈ ಜುಮ್ಮನ್ನುತ್ತೆ."

"ಭಯ ಆಗಲ್ವಾ?"

"ಆಗುತ್ತೆ. ಪ್ರಾರ್ಥನೆ ಮಾಡಿದ ಮೇಲೂ ಆಗುತ್ತೆ."

ಕಲ್ಲೊಂದು ಬಡಿದು ಕಿಟಕಿಯ ಗಾಜು ಫಳ್ಳೆಂದು ಒಡೆಯಿತು.

ಬೇಲಿಯಾಚೆ ಏಳೆಂಟು ಜನ ನಿಂತಿದ್ದರು. ಮುಂದೆ ಉಲಾರ್‌ಬೆಕ್‌ನ ಚಿಕ್ಕಪ್ಪ ತಾಶ್ತಾನ್. "ಇವಳು ಧರ್ಮ ಬಿಟ್ಟಿದ್ದಕ್ಕೇ ಊರಿಗೆ ಈ ಕತ್ತಲು! ಲೋ, ಈಚೆ ಬಾ. ಈಗ ಬಂದ್ರೆ ನಮ್ಮೋನು."

"ಹೋಗು," ಅನೀಪಾ ಪಿಸುಗುಟ್ಟಿದಳು. "ಮನೇಲಿ ನಿಮ್ಮಮ್ಮ ಇದಾರೆ."

ಅವನು ಕೋಟಿನೊಳಗಿಂದ ಬಿಳಿ ತಲೆವಸ್ತ್ರವೊಂದನ್ನು ತೆಗೆದ. ಮದುವಣಗಿತ್ತಿಗೆ ಹೊದಿಸುವಂಥದ್ದು. ಮದುವೆಗೆಂದು ಊರ ಗಂಡಸರು ಎತ್ತಿಕೊಂಡು ಹೋದ ಹುಡುಗಿಯರ ತಲೆಗೆ ಅದನ್ನು ಬಲವಂತದಿಂದ ಕಟ್ಟಿದ್ದನ್ನು ಇಬ್ಬರೂ ನೋಡಿದ್ದರು. ಅವನು ಕಟ್ಟಲಿಲ್ಲ, ಕೈಯಲ್ಲಿ ಹಿಡಿದು ನಿಂತ.

"ನಿನ್ನ ಯೇಸುವನ್ನ ನಾನು ನಂಬಲ್ಲ. ನಂಬ್ತೀನಿ ಅಂತ ಸುಳ್ಳೂ ಹೇಳಲ್ಲ. ಆದ್ರೆ ನಾಳೆ ನೀನು ನೀರಿಂದ ಎದ್ದು ಬರುವಾಗ ದಡದಲ್ಲಿ ಕಂಬಳಿ ಹಿಡ್ಕೊಂಡು ನಿಂತಿರ್ತೀನಿ. ನಾಳೆ ಮಾತ್ರ ಅಲ್ಲ. ಒಪ್ಪಿಗೆ ಇದ್ರೆ ತಗೋ."

ಅವಳು ವಸ್ತ್ರ ತೆಗೆದುಕೊಂಡು ತಾನೇ ತಲೆಯ ಮೇಲೆ ಹೊದ್ದಳು.

ತಾಶ್ತಾನ್ ಉಗುಳಿದ. "ಇನ್ಮೇಲೆ ನಮ್ಮ ಬಾಗಿಲು ತುಳೀಬೇಡ."

ಜನ ಕರಗಿದರು. ಹೊತ್ತಾದ ಮೇಲೆ ಕಡಾಯಿಗಳ ಸದ್ದೂ ಸೋತು ನಿಂತಿತು. ಬೆಟ್ಟದ ಮೇಲೆ, ಪೂರ್ತಿ ನೆರಳಿಗೆ ಸಿಕ್ಕಿದ ಚಂದ್ರ ಹೆಪ್ಪುಗಟ್ಟಿದ ರಕ್ತದಂತಿದ್ದ.





ಒಡೆದ ಕಿಟಕಿಗೆ ಅವನು ಒಳಗಿನಿಂದ ಹಲಗೆ ಹೊಡೆಯುವಾಗ ಅವಳು ದೀಪ ಹಿಡಿದಳು. ಹಲಗೆಗಳ ಕೊನೆಯ ಸಂದಿಯಲ್ಲಿ ಚಂದ್ರನ ಅಂಚಿಗೆ ಒಂದೆಳೆ ಬೆಳಕು ಮರಳಿದ್ದು ಕಂಡಿತು. ಅದರ ಕೆಳಗೆ, ಗೇಟಿನಾಚೆ, ಯಾರದೋ ಸಿಗರೇಟಿನ ಕೆಂಡ. ಒಬ್ಬ ಹೋಗಿರಲಿಲ್ಲ.

ಅವಳೂ ಅದನ್ನು ನೋಡಿದಳು. ಅವನ ಬೆರಳುಗಳೊಳಗೆ ತನ್ನ ಬೆರಳು ಸೇರಿಸಿದಳು.

"ಬೆಳಗಾಗ್ತಿದ್ದ ಹಾಗೇ ನದಿಗೆ ಹೊರಡೋಣ."

"ಹೊರಡೋಣ," ಎಂದ ಅವನು.