ಗುಂಯ್‌ಗುಡದ ಆಂಪ್ಲಿಫೈಯರ್

"ಹಲೋ, ಅದನ್ನ ಮೊದಲು ಹಿಡ್ಕೊಂಡಿದ್ದು ನಾನು."

"ಹಿಡ್ಕೊಂಡಿದ್ದು ನೀವೇ ಇರಬಹುದು. ಎತ್ತಿದ್ದು ನಾನು."

ಮೊಯ್ದುಕ್ಕನ ಗುಜರಿ ಅಂಗಡಿಯಲ್ಲಿ, ಹಳೇ ಟೀವಿಗಳ ಮತ್ತು ರೆಕ್ಕೆ ಮುರಿದ ಫ್ಯಾನುಗಳ ನಡುವೆ, ತಸ್ನಿಯೂ ಒಬ್ಬ ಗುರುತಿಲ್ಲದ ಹುಡುಗನೂ ಒಂದೇ ಟ್ರಾನ್ಸ್‌ಫಾರ್ಮರ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದರು. ಅವನ ಬೆರಳು ಅವಳ ಬೆರಳಿಗೆ ತಾಗಿತು. ಅವನು ಬೆಚ್ಚಿ ಕೈ ತೆಗೆದ. ತಸ್ನಿಗೆ ಅಷ್ಟೇ ಸಾಕಾಗಿತ್ತು. ಇಟ್ಟಿಗೆಗಿಂತ ಭಾರದ ಅದನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡಳು.

"ಇದು ಮೋಸ!"

"ಇದು ತಾಮ್ರ. ಒಳಗೆ ಪೂರ್ತಿ ತಾಮ್ರದ ತಂತಿ. ಹೊಸದು ಬೇಕಾದ್ರೆ ಪೇಟೇಲಿ ರೇಟ್ ಕೇಳಿ ನೋಡಿ, ತಲೆ ತಿರುಗುತ್ತೆ."

"ಕೇಳಿ, ತಿರುಗಿ, ಆಮೇಲೇ ಇಲ್ಲಿಗೆ ಬಂದಿದ್ದು."

ತಸ್ನಿಗೆ ನಗು ಬಂತು. ನಕ್ಕರೆ ಟ್ರಾನ್ಸ್‌ಫಾರ್ಮರ್ ಹೋದೀತು ಎಂದು ತುಟಿ ಕಚ್ಚಿದಳು. ಅವನು ಆ ತುಟಿಯನ್ನೇ ನೋಡುತ್ತಿದ್ದ. ಅವಳು ನೋಡಿದ ಕೂಡಲೇ ಫ್ಯಾನಿನ ಕಡೆ ತಿರುಗಿದ, ಫ್ಯಾನು ಕೊಳ್ಳಲೆಂದೇ ಬಂದವನಂತೆ.

ಮೊಯ್ದುಕ್ಕ ಹಾಲಿಲ್ಲದ ಸುಲೈಮಾನಿ ಚಹಾದ ಲೋಟ ಕೆಳಗಿಟ್ಟ. "ಅಲ್ಲ ಮಕ್ಕಳಾ, ಅದು ಒಡೆದ ಆಂಪ್ಲಿಫೈಯರ್‌ದು. ಎಡಗಡೆ ಸ್ಪೀಕರ್‌ಗೊಂದು, ಬಲಗಡೆಗೊಂದು, ಜೋಡಿ ಇದೆ. ಇನ್ನೊಂದು ಆ ಗೋಣಿಚೀಲದ ಕೆಳಗೆ ಬಿದ್ದಿದೆ. ಒಬ್ಬೊಬ್ಬರಿಗೆ ಒಂದೊಂದು. ಜಗಳ ಆಡೋದಾದ್ರೆ ರಸ್ತೇಲಿ ಆಡಿ, ಗಿರಾಕಿ ಬರ್ತಾರೆ."

"ನನಗೆ ಎರಡೂ ಬೇಕು ಇಕ್ಕಾ. ಕ್ಲಬ್ಬಲ್ಲಿರೋದು ಎರಡು ಸ್ಪೀಕರ್ ಅಂತ ನಿಮಗೇ ಗೊತ್ತಲ್ಲ," ಎಂದಳು ತಸ್ನಿ.

ಮೊಯ್ದುಕ್ಕನಿಗೆ ಗೊತ್ತಿಲ್ಲದೆ ಏನು. ಅಕ್ಕಿ ಗೋದಾಮಿನ ಮೇಲ್ಮಹಡಿಯ ಆ ಹಾಡಿನ ಕ್ಲಬ್ಬಿನಲ್ಲಿ ಪ್ರತಿ ಶುಕ್ರವಾರ ಸಂಜೆ ಹಾರ್ಮೋನಿಯಂ ಹಿಡಿಯುವವನು ಅವನೇ. ಹಾಡುತ್ತಿದ್ದವರು ತಸ್ನಿಯ ತಂದೆ ಅಸ್ಸನ್‌ಕೋಯ, ಅವಳ ಉಪ್ಪ. ಗಂಟಲಿನ ಆಪರೇಷನ್ ಆದ ಮೇಲೆ ಉಪ್ಪನ ಸ್ವರ ನೂಲಿನಷ್ಟು ತೆಳ್ಳಗಾಯಿತು. ಇಂಪು ಹೋಗಿರಲಿಲ್ಲ, ಜೋರು ಹೋಗಿತ್ತು. ಕ್ಲಬ್ಬಿನ ಮುದಿ ಆಂಪ್ಲಿಫೈಯರ್ ಮಾತ್ರ ಸ್ವಿಚ್ ಹಾಕಿದ ಗಳಿಗೆಯಿಂದ ಗುಂಯ್ ಎನ್ನುತ್ತಿತ್ತು. ಕೊನೆಯ ಸಲ ಉಪ್ಪ ಒಂದು ಚರಣ ಹಾಡಿ, ಆ ಗುಂಯ್‌ನಲ್ಲಿ ತನ್ನ ಸ್ವರ ತನಗೇ ಕೇಳದೆ, ನಕ್ಕು ಮೈಕ್ ಕೆಳಗಿಟ್ಟಿದ್ದರು.

ಆಮೇಲೆ ಅವರು ಆ ಮೆಟ್ಟಿಲು ಹತ್ತಲಿಲ್ಲ. ಶುಕ್ರವಾರ ಬಂದರೆ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿಕೊಂಡು, ತೊಟ್ಟು, ಮನೆಯಲ್ಲೇ ಕೂರುತ್ತಿದ್ದರು.

ಆ ಶರ್ಟು ನೋಡಿಯೇ ತಸ್ನಿ ಹಟ ತೊಟ್ಟಿದ್ದು. ಅವಳು ಓದುವುದು ಬಿ.ಕಾಂ. ಸೋಲ್ಡರಿಂಗ್ ಐರನ್ನಿನ ಯಾವ ಕಡೆ ಬಿಸಿ ಎಂಬುದೂ ಕೈ ಸುಟ್ಟ ಮೇಲೆಯೇ ತಿಳಿದಿದ್ದು. ಆದರೂ ಗುಂಯ್‌ಗುಡದ ಆಂಪ್ಲಿಫೈಯರ್ ಒಂದನ್ನು ತಾನೇ ಮಾಡುತ್ತೇನೆ, ಉಪ್ಪನನ್ನು ಆ ಮೆಟ್ಟಿಲು ಹತ್ತಿಸುತ್ತೇನೆ ಎಂದು ಉಮ್ಮನ ಮುಂದೆ ಹೇಳಿಬಿಟ್ಟಿದ್ದಳು. ಹೇಳಿದ ಮೇಲೆ ಮುಗಿಯಿತು.

ತಸ್ನಿ ಇದನ್ನೆಲ್ಲ ಹೇಳಿದಳು, ಹುಡುಗ ಕೇಳಿಸಿಕೊಂಡ. ಹೆಸರು ಜಸೀಲ್, ಫಾರ್ಮಸಿ ವಿದ್ಯಾರ್ಥಿ, ಓದು ಮುಗಿದ ಹೊತ್ತಲ್ಲಿ ಮಾವನ ಬೇಕರಿಯಲ್ಲಿ ಕೆಲಸ. ತನ್ನ ಕೋಣೆಯಲ್ಲಿ ಮನಸಾರೆ ಹಾಡು ಕೇಳಬೇಕೆಂಬುದು ಅವನ ಆಸೆ. ಆಂಪ್ಲಿಫೈಯರ್ ಕಟ್ಟುವುದು ಅವನಿಗೂ ಮೊದಲ ಸಲ.

"ಒಂದು ಕೆಲಸ ಮಾಡೋಣ," ಎಂದ. "ನೀವು ಬಲಗಡೆದು ಮಾಡಿ, ನಾನು ಎಡಗಡೆದು ಮಾಡ್ತೀನಿ. ಒಂದೇ ಸರ್ಕ್ಯೂಟ್. ಎರಡನ್ನೂ ಕ್ಲಬ್ಬಿಗೆ ತರೋಣ, ಉಪ್ಪ ಹಾಡಲಿ. ಆಮೇಲೆ ನನ್ನದು ನನಗೆ."

"ನಿಮಗೇನು ಲಾಭ?"

"ನಿಮ್ಮನ್ನ ನೋಡಿದ್ರೆ ಅದನ್ನ ಬಿಡೋ ತರ ಕಾಣಲ್ಲ. ಜಗಳ ಮುಗಿದ್ರೆ ಅದೇ ಲಾಭ."

*

ಅವಳ ಪೆಟ್ಟಿಗೆ ಕೆಟ್ಟುಹೋದ ಡಿವಿಡಿ ಪ್ಲೇಯರಿನದು. ಅವನದು ಬೇಕರಿಯ ಬಿಸ್ಕತ್ತು ಡಬ್ಬ.

ಜೊತೆಗೆ ಕೂತು ಮಾಡೋಣವೆಂದರೆ ಅವರ ಕೇರಿ ಕುಟ್ಟಿಚ್ಚಿರದ ಓಣಿಗಳಲ್ಲಿ ಪ್ರತಿ ಕಿಟಕಿಗೂ ಕಣ್ಣಿಟ್ಟು ಕೂತ ಒಬ್ಬೊಬ್ಬ ಅತ್ತೆಯಮ್ಮ. ಹಾಗಾಗಿ ಅವಳದು ಅವಳ ಮನೆಯಲ್ಲಿ, ಅವನದು ಅವನ ಮನೆಯಲ್ಲಿ. ನಡುವೆ ಫೋನು.

ಮೊದಲ ಸಲ ಕರೆಂಟ್ ಕೊಡುವ ದಿನ ವೀಡಿಯೊ ಕಾಲ್. ಹೊಸ ಆಂಪ್ಲಿಫೈಯರಿಗೆ ನೇರ ಕರೆಂಟ್ ಕೊಡಬಾರದು, ದಾರಿಯಲ್ಲೊಂದು ಬಲ್ಬ್ ಹಾಕಬೇಕು. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಒಳಗೆಲ್ಲ ಕ್ಷೇಮ. ಉರಿಯುತ್ತಲೇ ಇದ್ದರೆ ಒಳಗೆಲ್ಲೋ ತಪ್ಪಾಗಿದೆ.

ಜಸೀಲನ ಬಲ್ಬ್ ಮಿನುಗಿ ಮಂಕಾಯಿತು. "ನೋಡಿದ್ರಾ?" ಎಂದು ಕಾಲರ್ ಎಳೆದುಕೊಂಡ.

ತಸ್ನಿ ಬಿಸ್ಮಿ ಎಂದು ದೇವರ ಹೆಸರು ಹೇಳಿ ಸ್ವಿಚ್ ಒತ್ತಿದಳು. ಬಲ್ಬ್ ಮದುವೆ ಮನೆಯ ದೀಪದಂತೆ ಧಗಧಗ ಉರಿಯಿತು.

"ಆಫ್ ಮಾಡು! ಆಫ್ ಮಾಡು ಮಾರಾಯ್ತಿ!"

ಆಫ್ ಮಾಡಿದಳು.

"ಮಾರಾಯ್ತಿ ಅಂದ್ರಾ ನನಗೆ?"

"ಅದು... ಬಲ್ಬ್ ನೋಡಿ ಗಾಬರಿ ಆಯ್ತು."

"ಪರವಾಗಿಲ್ಲ. 'ನೀನು' ಅಂತಾನೇ ಇರಲಿ. ಈಗ ಹೇಳು, ಎಲ್ಲಿ ತಪ್ಪಿದೆ?"

"ಟ್ರಾನ್ಸಿಸ್ಟರ್ ಬೆನ್ನಿಗೂ ಆ ಅಲ್ಯೂಮಿನಿಯಂ ತಗಡಿಗೂ ಮಧ್ಯ ಕರೆಂಟ್ ದಾಟದ ಹಾಗೆ ಮೈಕಾ ಹಾಳೆ ಇಟ್ಟಿದ್ದೀಯಾ?"

ತಸ್ನಿ ಮೇಜಿನ ಮೇಲೆ ನೋಡಿದಳು. ಉಗುರಿನಷ್ಟು ತೆಳುವಾದ ಮೈಕಾ ಹಾಳೆಗಳು ಇಟ್ಟಲ್ಲೇ ಫಳಫಳ ಎನ್ನುತ್ತಿದ್ದವು.

"ಇಟ್ಟಿದ್ದೀನಿ," ಎಂದಳು. "ಮೇಜಿನ ಮೇಲೆ."

ಅವನು ನಕ್ಕ ನಗುವಿಗೆ ಫೋನೇ ಅಲುಗಾಡಿತು. ಅವಳಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ನಗುವಾಗ ಅವನ ಎಡಗೆನ್ನೆಯಲ್ಲೊಂದು ಸಣ್ಣ ಗುಳಿ ಬೀಳುವುದನ್ನು ನೋಡುತ್ತಾ, ಒಂದೊಂದೇ ಸ್ಕ್ರೂ ಬಿಚ್ಚತೊಡಗಿದಳು.

"ನಾಳೆ ಮಾಡಬಹುದಲ್ಲ?"

"ನಾಳೆ ಬೇರೆ ಕೆಲಸ ಇದೆ. ನೀನು ಕಾಲ್ ಕಟ್ ಮಾಡ್ಬೇಡ."

ಅವನು ಕಟ್ ಮಾಡಲಿಲ್ಲ. ಎಲ್ಲ ಬಿಚ್ಚಿ ಮತ್ತೆ ಕೂಡಿಸಿದ ಮೇಲೆ ಬಲ್ಬ್ ಒಮ್ಮೆ ಮಿನುಗಿ, ನಾಚಿದಂತೆ ಮಂಕಾಯಿತು. ಆ ಮಂಕು ಬೆಳಕಲ್ಲಿ ಅವಳ ಮುಖ ನೋಡಿ ಜಸೀಲ್ ಏನೋ ಹೇಳಹೊರಟ. ಮಾವ ಕೂಗಿದರೆಂದು ಸುಳ್ಳು ಹೇಳಿ ಫೋನಿಟ್ಟ.

*

ಶುಕ್ರವಾರ ಸಂಜೆ. ಮಗಳ ಹಟಕ್ಕೆ ಉಪ್ಪ ಕ್ಲಬ್ಬಿನ ಮೆಟ್ಟಿಲು ಹತ್ತಿ ಬಂದರು, ಬಿಳಿ ಶರ್ಟಿನಲ್ಲಿ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು, ಬೇಗ ಎದ್ದುಹೋಗಲು ಅನುಕೂಲವೆಂದು.

ಮೈಕಿನಿಂದ ಮಿಕ್ಸರಿಗೆ, ಮಿಕ್ಸರಿಂದ ಎರಡು ಪೆಟ್ಟಿಗೆಗಳಿಗೆ ವೈರು. ತಸ್ನಿ ತನ್ನ ಪೆಟ್ಟಿಗೆಯನ್ನು ಮಾತ್ರ ಹಾಕಿ ನೋಡಿದಳು. ಗುಂಯ್ ಎನ್ನುವ ಸದ್ದಿಲ್ಲ. ಜಸೀಲ್ ತನ್ನದನ್ನು ಮಾತ್ರ ಹಾಕಿ ನೋಡಿದ. ಅದರಲ್ಲೂ ಗುಂಯ್ ಇಲ್ಲ. ಇಬ್ಬರೂ ಹುಬ್ಬು ಹಾರಿಸಿಕೊಂಡರು.

ಎರಡನ್ನೂ ಒಟ್ಟಿಗೆ ಹಾಕಿದರು.

ಗುಂಯ್ಯ್ಯ್.

ಹಳೆಯದಕ್ಕಿಂತ ಜೋರು. ಉಪ್ಪ ಮೆಲ್ಲಗೆ ಎದ್ದರು. "ಪರವಾಗಿಲ್ಲ ಮೋಳೇ, ಪರವಾಗಿಲ್ಲ ಮಗಳೇ," ಎಂದರು ಆ ತೆಳ್ಳನೆಯ ಸ್ವರದಲ್ಲಿ. ಗುಂಯ್‌ನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ತುಟಿ ನೋಡಿ ತಸ್ನಿಗೆ ಮಾತ್ರ ತಿಳಿಯಿತು.

ಅವಳು ಹೋಗಿ ಬಾಗಿಲಿಗೆ ಅಡ್ಡ ನಿಂತಳು. "ಕೂತ್ಕೊಳ್ಳಿ ಉಪ್ಪಾ. ಮೊಯ್ದುಕ್ಕಾ, ಎಲ್ಲರಿಗೂ ಚಾಯ ತರಿಸಿ. ಇನ್ನೂ ಮುಗಿದಿಲ್ಲ."

ಜಸೀಲ್ ಪಿಸುಗುಟ್ಟಿದ. "ಅರ್ತ್ ವೈರಿನ ಗಲಾಟೆ ಇದು. ಒಂದು ಪ್ಲಗ್ಗಿನ ಅರ್ತ್ ಪಿನ್ ಕಿತ್ತುಬಿಟ್ರೆ ನಿಲ್ಲುತ್ತೆ. ಎಲ್ಲರೂ ಹಾಗೇ ಮಾಡೋದು."

"ಒಳಗೇನಾದ್ರೂ ವೈರ್ ಬಿಟ್ಕೊಂಡ್ರೆ? ಉಪ್ಪ ಹಿಡಿಯೋದು ಕಬ್ಬಿಣದ ಮೈಕು, ಶಾಕ್ ಹೊಡೆಯುತ್ತೆ. ಪಿನ್ ಮುಟ್ಟಿದ್ರೆ ನಿನ್ನ ಬೆರಳು ಮುರೀತೀನಿ."

"ಹಾಗಾದ್ರೆ ನೀನೇ ಹೇಳು."

ಅವಳು ಕಣ್ಣು ಮುಚ್ಚಿ ವೈರುಗಳ ಹಿಂದೆಯೇ ಮನಸ್ಸಲ್ಲಿ ನಡೆದಳು. "ನಿನ್ನ ಅರ್ತ್ ನಿನ್ನ ವೈರಲ್ಲಿ ಗೋಡೆಗೆ ಹೋಗ್ತಿದೆ, ನಂದು ನನ್ನ ವೈರಲ್ಲಿ. ಮಿಕ್ಸರ್ ಹತ್ತಿರ ಎರಡೂ ಮತ್ತೆ ಸೇರ್ತಿವೆ. ಕರೆಂಟ್ ಅದರಲ್ಲೇ ಸುತ್ತು ಹೊಡೀತಿದೆ, ಅದಕ್ಕೇ ಗುಂಯ್. ಎರಡೂ ಒಂದೇ ತಗಡಿನ ಮೇಲೆ ಇರಬೇಕು. ಎರಡರ ಅರ್ತೂ ಒಂದೇ ಬೋಲ್ಟಿಗೆ. ಗೋಡೆಗೆ ಹೋಗೋದು ಒಂದೇ ವೈರು."

"ಅಂದ್ರೆ ಎರಡೂ ಪೆಟ್ಟಿಗೆ ಬಿಚ್ಚಬೇಕು."

"ಹೂಂ. ಯಾರದಾದ್ರೂ ಒಬ್ಬರ ವೈರು ಕತ್ತರಿಸಬೇಕು. ನಂದು ಕತ್ತರಿಸ್ತೀನಿ. ನಿಂದು ನೀನು ಮನೆಗೆ ಒಯ್ಯಬೇಕಲ್ಲ."

ಜಸೀಲ್ ಥಟ್ಟನೆ ಎದ್ದ. ಮೆಟ್ಟಿಲಿಳಿದು ಓಡಿದ. ತಿರುಗಿ ಬಂದಾಗ ಬೆವರಿನಿಂದ ತೊಯ್ದಿದ್ದ, ಕೈಯಲ್ಲಿ ರಸ್ಕ್ ಸುಡುವ ದೊಡ್ಡ ಕಬ್ಬಿಣದ ತಟ್ಟೆ. ಇನ್ನೂ ಬೆಚ್ಚಗಿತ್ತು, ಏಲಕ್ಕಿ ಪರಿಮಳ ಬರುತ್ತಿತ್ತು.

"ಮಾವ ಕೇಳಿದ್ರೆ ನೀನು ನನ್ನ ನೋಡೇ ಇಲ್ಲ."

ನೆಲದ ಮೇಲೆ ಕೂತರು. ಅವನು ಕಟ್ಟರ್ ತೆಗೆದುಕೊಂಡ. ಅವಳು ತಡೆಯುವ ಮೊದಲೇ ತನ್ನ ಬಿಸ್ಕತ್ತು ಡಬ್ಬದ ವೈರನ್ನು ಕಟ್ ಎಂದು ಕತ್ತರಿಸಿದ.

"ಜಸೀಲ್! ಅದು ನಿಂದು..."

"ಸೋಲ್ಡರ್ ಮಾಡು. ಉಪ್ಪ ಬಾಗಿಲು ನೋಡ್ತಿದ್ದಾರೆ."

ಅವನು ತಂತಿಗಳನ್ನು ಹಿಡಿದ, ಅವಳು ಬೆಸೆದಳು. ಹೊಗೆ ಕಣ್ಣಿಗೆ ಬಂದಾಗ ಅವನೇ ಊದಿದ. ಅವಳ ತಲೆವಸ್ತ್ರದ ಅಂಚು ಐರನ್ನಿನ ಕಡೆ ಜಾರಿತು. ಅವನು ಎರಡೇ ಬೆರಳಲ್ಲಿ ಎತ್ತಿ ಹೆಗಲ ಮೇಲೆ ಹಾಕಿದ. ಅವಳು ತಂತಿ ಬಿಟ್ಟು ಅವನನ್ನು ನೋಡಿದಳು. ಒಂದು ಬೆಸುಗೆ ಕೆಟ್ಟಿತು. ಕೆದಕಿ ಮತ್ತೆ ಹಾಕಿದಳು. ಚಾಯ ಮುಗಿಯಿತು, ಎರಡನೇ ಸಲ ಬಂತು. ಯಾರೋ "ನಾಳೆ ನೋಡೋಣ" ಎಂದರು. ತಸ್ನಿ ತಲೆ ಎತ್ತಲಿಲ್ಲ.

ಕೊನೆಗೆ ಎರಡೂ ಅರ್ತ್ ವೈರುಗಳನ್ನು ಒಂದೇ ಬೋಲ್ಟಿಗೆ ಸುತ್ತಿ ಬಿಗಿದಳು. ಕರೆಂಟಿನ ತಂತಿಗಳನ್ನೆಲ್ಲ ಟೇಪು ಸುತ್ತಿ ಮುಚ್ಚಿದ್ದೇನೆಯೇ ಎಂದು ಮತ್ತೊಮ್ಮೆ ನೋಡಿ, ಬಲ್ಬ್ ಹಾಕಿ ಪರೀಕ್ಷಿಸಿ, ಬಲ್ಬ್ ತೆಗೆದು, ಸ್ವಿಚ್ ಒತ್ತಿದಳು.

ಏನೂ ಇಲ್ಲ.

ಮೊಯ್ದುಕ್ಕ ಸ್ಪೀಕರಿಗೆ ಕಿವಿಯಿಟ್ಟ. "ಕರೆಂಟ್ ಹೋಯ್ತಾ ಮೋಳೇ? ಆನ್ ಆಗೇ ಇಲ್ವಲ್ಲ!"

ತಸ್ನಿ ಮೈಕನ್ನು ಬೆರಳಲ್ಲಿ ತಟ್ಟಿದಳು. ಠಕ್! ಸ್ಪೀಕರಿಗೆ ಅಂಟಿಕೊಂಡಿದ್ದ ಮೊಯ್ದುಕ್ಕ ಹಿಂದಕ್ಕೆ ಹಾರಿಬಿದ್ದ. ಕ್ಲಬ್ಬಿಡೀ ಗೊಳ್ಳೆಂದು ನಕ್ಕಿತು.

ಉಪ್ಪ ನಗಲಿಲ್ಲ. ಎದ್ದುಬಂದು ಮಗಳ ಕೈಯಿಂದ ಮೈಕ್ ತೆಗೆದುಕೊಂಡರು. ಒಮ್ಮೆ ಉಸಿರೆಳೆದರು. ಆ ಉಸಿರು ಕೂಡ ಎರಡೂ ಬದಿಯಿಂದ ಕೇಳಿಸಿತು. ಆಮೇಲೆ ಹಾಡಿದರು.

ಸ್ವರ ನೂಲಿನಷ್ಟೇ ತೆಳ್ಳಗಿತ್ತು. ಆದರೆ ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೆಡೆಯೂ ಕಡಿದುಹೋಗಲಿಲ್ಲ. ಮೊಯ್ದುಕ್ಕ ಹಾರ್ಮೋನಿಯಂ ಹಿಡಿದವನು ಕಣ್ಣೊರೆಸಲು ಕೈಯಿಲ್ಲದೆ ಹೆಗಲಿಗೆ ಮುಖ ಒತ್ತಿದ. ಉಪ್ಪ ಒಂದು ಹಾಡು ಮುಗಿಸಿ, ಯಾರೂ ಕೇಳದೆಯೇ ಇನ್ನೊಂದನ್ನು ಎತ್ತಿಕೊಂಡರು.

ತಸ್ನಿ ವರಾಂಡದ ಕಟಕಟೆ ಹಿಡಿದು ನಿಂತಳು. ಜಸೀಲ್ ಪಕ್ಕಕ್ಕೆ ಬಂದ.

"ನಿಂದು ನಿನಗೆ ಅಂತ ಮಾತಾಗಿತ್ತು," ಎಂದಳು. "ನಾಳೆ ಬಿಚ್ಚಿ ಕೊಡ್ತೀನಿ."

"ಬಿಚ್ಚಿದ್ರೆ ಮತ್ತೆ ಗುಂಯ್ ಅನ್ನುತ್ತೆ."

"ಮತ್ತೆ ಏನು ಮಾಡೋದು? ಒಂದೇ ತಟ್ಟೆ. ಕ್ಲಬ್ಬಲ್ಲಿ ಬಿಡೋಕಾಗಲ್ಲ, ಇಲ್ಲಿ ಇಲಿ ಕಾಟ. ಯಾರ ಮನೇಲಿಡೋದು?"

"ನಿಮ್ಮನೇಲಿ."

"ಹಾಗಾದ್ರೆ ನಿನಗೆ?"

ಅವನು ಕಟಕಟೆಯ ಮೇಲಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದ. ಕಿವಿಯ ತುದಿ ಕೆಂಪಗಾಗಿತ್ತು. "ನಮ್ಮ ಕುಟ್ಟಿಚ್ಚಿರದಲ್ಲಿ ಮದುವೆ ಆದ್ರೆ ಗಂಡ ತಾನೇ ಹೆಂಡತಿ ಮನೆಗೆ ಬಂದಿರೋದು? ಆಂಪ್ಲಿಫೈಯರ್ ಮೊದಲು ಹೋಗಿರಲಿ. ನನ್ನ ಓದು ಮುಗೀಲಿ... ನಾನು ಹಿಂದೆ ಬರ್ತೀನಿ. ನೀನು ಹೂಂ ಅಂದ್ರೆ."

ಒಳಗೆ ಉಪ್ಪನ ಸ್ವರ ಮೇಲೇರಿ, ಒಂದು ಗಳಿಗೆ ಅಲ್ಲೇ ನಿಂತಿತು.

ತಸ್ನಿ ಅವನತ್ತ ತಿರುಗಲಿಲ್ಲ. ನಗು ಬಂತು. ಈ ಸಲ ತುಟಿ ಕಚ್ಚಲಿಲ್ಲ.

"ಹೂಂ," ಎಂದಳು. "ಬರುವಾಗ ಮಾವನಿಗೆ ಹೊಸ ತಟ್ಟೆ ಕೊಡಿಸಿ ಬಾ."