ಒಣಗದ ಮುದ್ರೆ

ನಡೆದು ನೋಡಿದ ಕೋಟೆ, ಚರ್ಚುಗಳ ಮುದ್ರೆ ಪುಸ್ತಕದಲ್ಲಿ ತುಂಬಿದರೆ ನಮ್ಮ ಪೋಲೆಂಡಿನ ನಡಿಗೆ ಸಂಘ ಪದಕ ಕೊಡುತ್ತದೆ. ನನ್ನ ಹೆಂಡತಿ ಬೊಗುಮಿಲಾಗೆ ಒಂದೇ ಮುದ್ರೆ ಬಾಕಿಯಿತ್ತು.

ಆಗಸ್ಟಿನ ಮಟಮಟ ಮಧ್ಯಾಹ್ನ. ಜಲಾಶಯದ ದಂಡೆಯಲ್ಲಿ ಮೇಜು ಹಾಕಿಕೊಂಡು ಪಾದ್ರಿಯೊಬ್ಬರು ಕೂತಿದ್ದರು. ಅವರ ತೋಳಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಮುದ್ರೆ ಒತ್ತಿದರು: ‘ಸ್ತಾರಾ ಝಾಬಿಂಕಾ ಚರ್ಚು’. ಅಣೆಕಟ್ಟು ಕಟ್ಟಿದಾಗ ಊರಿನ ಸಮೇತ ಮುಳುಗಿದ ಚರ್ಚು ಅದು.

“ಸೊಟ್ಟಗೆ ಬಿದ್ದಿದೆ ಫಾದರ್, ಸಂಘದವ್ರು ಒಪ್ಪಲ್ಲ. ಇನ್ನೊಂದು ಹಾಕಿ,” ಎಂದಳು ಬೊಗುಮಿಲಾ.

“ಶಾಯಿ ಮುಗೀತಮ್ಮ. ಚರ್ಚಲ್ಲಿದೆ, ಬಾ,” ಎಂದು ಅವರು ಸದ್ದಿಲ್ಲದೆ ನೀರಿಗಿಳಿದರು.

ಇವಳು ಬೂಟು ಬಿಚ್ಚತೊಡಗಿದಳು. ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

ಪುಸ್ತಕವನ್ನು ಸಂಘಕ್ಕೆ ಕಳಿಸಿದೆವು. ಅವರು ಪದಕದ ಜೊತೆ ಚೀಟಿ ಕಳಿಸಿದರು: ‘ಮುದ್ರೆ ಸರಿಯಿದೆ. ಪುಸ್ತಕ ಒಣಗಿದ ಕೂಡಲೇ ಕಳಿಸುತ್ತೇವೆ.’

ಆ ಚೀಟಿ ಬಂದು ಮೂರು ವರ್ಷವಾಯಿತು.